ಅಪ್‌ಡೇಟ್: ಮಗಳು ಹೋದ ಮೇಲೆ ನಿಂತುಹೋಗಿದ್ದ ಲಿಂಗಪೂಜೆ

ಆರು ವರ್ಷದ ಮಗಳು ತೀರಿಕೊಂಡ ಮೇಲೆ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯಲೂ ಮನಸ್ಸಾಗುತ್ತಿಲ್ಲ, ಇದು ಪಾಪವೇ ಎಂದು ಕಳೆದ ಶ್ರಾವಣದಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಶರಣು. ಕೆಲವರು ಕರ್ಮಫಲವೆಂದಿರಿ, ಮಗುವನ್ನು ಕಳೆದುಕೊಂಡ ತಾಯಿಯ ಎದುರು ಆ ಮಾತನ್ನು ಯಾರೂ ಆಡಬಾರದೆಂದು ನನಗೆ ಈಗಲೂ ಅನಿಸುತ್ತದೆ.

ಪೂಜೆಯ ಚಿಂತೆ ಬಿಟ್ಟು ದಾಸೋಹಕ್ಕೆ ಕೈಹಚ್ಚಿರಿ ಎಂದು ಹಿರಿಯರೊಬ್ಬರು ಹೇಳಿದ್ದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆಂದು ಓಣಿಯ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿಯುವಾಗ, ತಿಂಗಳುಗಟ್ಟಲೆ ಹೊಸ್ತಿಲು ದಾಟದಿದ್ದ ನನ್ನ ಹೆಂಡತಿ ತಾನಾಗಿಯೇ ಹೋಗಿ ಅವರ ನಡುವೆ ಕುಳಿತಳು. ಹಿಟ್ಟು ನಾದುತ್ತಲೇ ಅತ್ತಳು. ಯಾರೂ ಸುಮ್ಮನಿರೆಂದು ಹೇಳಲಿಲ್ಲ, ಪಕ್ಕದ ಅಜ್ಜಿ ಅವಳ ಬೆನ್ನ ಮೇಲೆ ಹಿಟ್ಟಿನ ಕೈಯನ್ನೇ ಇಟ್ಟುಕೊಂಡು ಕುಳಿತಿದ್ದಳು. ನಾನು ಮಹಾದಾಸೋಹದಲ್ಲಿ ಎರಡು ದಿನ ಬಡಿಸಿದೆ. ಮಗಳ ವಯಸ್ಸಿನ ಕೂಸೊಂದು ತಟ್ಟೆ ಚಾಚಿ ಇನ್ನೊಂದು ರೊಟ್ಟಿ ಕೇಳಿದಾಗ ನನ್ನ ಕೈ ನಡುಗಿತು, ಆದರೂ ಬಡಿಸಿದೆ.

ಮೊನ್ನೆ ಸೋಮವಾರ ಇಷ್ಟಲಿಂಗವಿಡುವ ಕರಡಿಗೆ ಬಿಚ್ಚಿದೆ. ಪೂಜೆಗೆ ಕುಳಿತಾಗ ಬಿಲ್ವಪತ್ರೆಯನ್ನು ಒಂದೊಂದಾಗಿ ಕೊಡುತ್ತಿದ್ದವಳು ಮಗಳೇ. ಈಗ ಹೆಂಡತಿ ಕೊಡುತ್ತಾಳೆ.