ಕೀ ತಿರುಗಿಸಿದರೆ ಬರೀ ಟಕ್: ಈ ಹಳೆ ಟ್ರ್ಯಾಕ್ಟರ್ ತಗೋಬಹುದಾ?

ಜೇವರ್ಗಿ_ತೊಗರಿ:
ಊರ ಹತ್ತಿರ 2009ರ ಟ್ರ್ಯಾಕ್ಟರ್ ಒಂದು ಮಾರಾಟಕ್ಕಿದೆ. ಮುಂಗಾರಿಗೆ ಮೊದಲು ತಗೋಬೇಕು. ಇಂಜಿನ್ ಚೆನ್ನಾಗಿದೆ, ಟೈರೂ ಪರವಾಗಿಲ್ಲ. ಹೊಸ ಪೇಂಟ್ ಹೊಡೆಸಿ ಮದುಮಗನ ಹಾಗೆ ನಿಲ್ಲಿಸಿದ್ದಾರೆ. ಆದರೆ ಕೀ ತಿರುಗಿಸಿದರೆ ಒಂದೇ ಟಕ್, ಅಷ್ಟೇ. ನಾಲ್ಕು ಜನ ತಳ್ಳಿದರೆ ಶುರುವಾಗುತ್ತೆ. ಬ್ಯಾಟರಿ ಹೊಸದು, ಸ್ಟಾರ್ಟರ್ (ಇಂಜಿನ್ ತಿರುಗಿಸೋ ಮೋಟರ್) ಕಾರ್ಬನ್ ಸವೆದಿರಬೇಕು ಅಂತಾರೆ ಮಾರುವವರು. ಮೀಟರ್ ಹಚ್ಚಿದೆ, ಬ್ಯಾಟರಿ 12.6 ವೋಲ್ಟ್ ಇದೆ. ಸ್ಟಾರ್ಟರ್ ಬಿಚ್ಚಿಸಲಾ, ಇಲ್ಲ ಕೈ ಬಿಡಲಾ?

ಬೀದರ್_ವೈರ್‌ಮ್ಯಾನ್:
ಸ್ಟಾರ್ಟರ್‌ಗೆ ಈಗಲೇ ಕೈ ಹಾಕಬೇಡಿ. ಸುಮ್ನೆ ನಿಂತಾಗ 12.6 ಇದ್ದರೆ ಬ್ಯಾಟರಿ ಚಾರ್ಜ್ ಆಗಿದೆ ಅಂತ ಅಷ್ಟೇ. ಲೋಡ್ ಬಿದ್ದಾಗ ಏನಾಗುತ್ತೆ ನೋಡಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಸ್ಟಾಪ್ ಎಳೆದಿಡಿ. ಮೀಟರ್‌ನ ಎರಡೂ ಕಡ್ಡಿ ಬ್ಯಾಟರಿ ಟರ್ಮಿನಲ್ ಮೇಲೆ ಹಿಡಿದು, ಬೇರೆಯವರಿಗೆ ಕೀ ತಿರುಗಿಸಲು ಹೇಳಿ. ವೋಲ್ಟ್ 8, 9ಕ್ಕೆ ಬಿದ್ದರೆ ಬ್ಯಾಟರಿಯನ್ನೇ ಮೊದಲು ಅನುಮಾನಿಸಿ. ಹನ್ನೆರಡರ ಹತ್ತಿರವೇ ನಿಂತು ಬರೀ ಟಕ್ ಅಂದರೆ ಕರೆಂಟ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ.

ಆಮೇಲೆ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕ್‌ನ ಬರಿ ಕಬ್ಬಿಣಕ್ಕೆ ಇಟ್ಟು ಮತ್ತೆ ಕೀ ತಿರುಗಿಸಿ. ಅರ್ಧ ವೋಲ್ಟ್ ದಾಟಬಾರದು. ಹೊಸ ಪೇಂಟ್ ಅಂದಿರಲ್ಲ, ನನಗೆ ಅದರ ಮೇಲೇ ಕಣ್ಣು.

ಜೇವರ್ಗಿ_ತೊಗರಿ:
ಇವತ್ತು ಮತ್ತೆ ಹೋಗಿ ನೋಡಿದೆ. ಬ್ಯಾಟರಿ ಮೇಲೆ 11.9. ನೆಗೆಟಿವ್‌ನಿಂದ ಬ್ಲಾಕ್‌ಗೆ ಏಳು ವೋಲ್ಟ್ ಚಿಲ್ಲರೆ! ಮೀಟರ್ ಕೆಟ್ಟಿದೆ ಅಂದುಕೊಂಡೆ.

ಬೀದರ್_ವೈರ್‌ಮ್ಯಾನ್:
ಕೆಟ್ಟಿಲ್ಲ. ಏಳು ವೋಲ್ಟ್ ಅರ್ಥಿಂಗ್ ದಾರಿಯಲ್ಲೇ, ಅಂದರೆ ಕರೆಂಟ್ ಬ್ಲಾಕ್‌ನಿಂದ ನೆಗೆಟಿವ್‌ಗೆ ವಾಪಸ್ ಬರೋ ದಾರಿಯಲ್ಲೇ ಖರ್ಚಾಗುತ್ತಿದೆ, ಸ್ಟಾರ್ಟರ್‌ಗೆ ಉಳಿಯೋದು ಎಷ್ಟು? ಜಂಪರ್ ಕೇಬಲ್‌ನ ಒಂದು ತುದಿ ನೆಗೆಟಿವ್‌ಗೆ, ಇನ್ನೊಂದು ಬ್ಲಾಕ್‌ಗೆ ಕಚ್ಚಿಸಿ ನೋಡಿ.

ಜೇವರ್ಗಿ_ತೊಗರಿ:
ಅಣ್ಣಾ, ಒಂದೇ ಏಟಿಗೆ ಶುರುವಾಯ್ತು! ಅರ್ಥ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಕೆಂಪು ಪೇಂಟ್ ಗಟ್ಟಿಯಾಗಿ ಕೂತಿದೆ. ಪಟ್ಟಿ ತೆಗೆದು ಚಾಸಿಗೆ ಬಣ್ಣ ಹೊಡೆದು, ಅದರ ಮೇಲೇ ಬಿಗಿದಿದ್ದಾರೆ. ಸ್ಯಾಂಡ್ ಪೇಪರ್‌ನಿಂದ ಕಬ್ಬಿಣ ಬೆಳ್ಳಗೆ ಕಾಣೋವರೆಗೂ ಉಜ್ಜಿದೆ. ಈಗ ರೀಡಿಂಗ್ 0.3.

ಶಹಾಪುರ_ಡೀಸೆಲ್:
ಖುಷಿಯಲ್ಲಿ ದುಡ್ಡು ಎಣಿಸಬೇಡಿ. ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿ. ನಾನು ಕೊಂಡಾಗ ಒಳಗೆ ತೊಗರಿ ಹೊಟ್ಟು ತುಂಬಿ ಇಲಿ ಸಂಸಾರ ಹೂಡಿತ್ತು. ಲೈಟಿನ ವೈರ್ ಅರ್ಧ ತಿಂದಿತ್ತು. ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ್ದರು. ಅದು ಸುಡೋದಿಲ್ಲ, ವೈರೇ ಸುಡುತ್ತೆ. ಜಾಯಿಂಟ್‌ಗೆ ಬರೀ ಟೇಪ್ ಸುತ್ತಿದ್ದರೂ ನಂಬಬೇಡಿ. ನಮ್ಮ ಕಡೆ ಮೇ ಬಿಸಿಲಿಗೆ ಗಮ್ ಕರಗಿ ಟೇಪ್ ಜಾರಿಬಿಡುತ್ತೆ.

ಇನ್ನೊಂದು. ಇಂಜಿನ್ ಓಡುವಾಗ ರೇಸ್ ಸ್ವಲ್ಪ ಕೊಟ್ಟು ಬ್ಯಾಟರಿ ನೋಡಿ, 13.8ರಿಂದ 14.4 ಇರಬೇಕು. ಆಮೇಲೆ ಕರೆಂಟ್ ಸೋರುತ್ತಾ ನೋಡೋಕೆ ಕೀ ತೆಗೆದು, ನೆಗೆಟಿವ್ ಬಿಚ್ಚಿ, ಮೀಟರ್ 10 ಆಂಪಿಯರ್‌ಗೆ ಇಟ್ಟು ಕಂಬಕ್ಕೂ ಬಿಚ್ಚಿದ ವೈರಿಗೂ ನಡುವೆ ಸೇರಿಸಿ. ಅಷ್ಟು ಹಳೆ ಗಾಡಿಯಲ್ಲಿ ಸೊನ್ನೆಯ ಹತ್ತಿರ ಬರಬೇಕು. ಆಗ ಮಾತ್ರ ಕೀ ತಿರುಗಿಸಬೇಡಿ, ಮೀಟರ್ ಫ್ಯೂಸ್ ಹಾರುತ್ತೆ. ನಾನು ಹಾರಿಸಿದ್ದೇನೆ.

ಜೇವರ್ಗಿ_ತೊಗರಿ:
ಚಾರ್ಜಿಂಗ್ 14.1, ಸೋರಿಕೆ ಇಲ್ಲ. ಇಲಿ ಇಲ್ಲ, ಆದರೆ ಫ್ಯೂಸ್ ಮೂರರಲ್ಲಿ ಎರಡು ತಾಮ್ರದ ಎಳೆ! ಮಾರುವವರಿಗೆ ತೋರಿಸಿದೆ, ನಕ್ಕುಬಿಟ್ಟರು. ವೈರಿಂಗ್ ಹೊಸದಾಗಿ ಎಳೆಸುವ ಖರ್ಚು ಬೆಲೆಯಲ್ಲಿ ಇಳಿಸಿದ್ದಾರೆ. ಟ್ರ್ಯಾಲಿ ಸಾಕೆಟ್‌ಗೂ ಬೇರೆ ಫ್ಯೂಸ್ ಹಾಕಿಸಬೇಕಾ?

ಬೀದರ್_ವೈರ್‌ಮ್ಯಾನ್:
ಹಾಕಿಸಿ. ಟ್ರ್ಯಾಲಿ ವೈರ್ ನೆಲಕ್ಕೆ ಉಜ್ಜಿ ಶಾರ್ಟ್ ಆದರೂ ಮುಂದಿನ ಲೈಟ್ ಉಳಿಯುತ್ತೆ.