ಅಮ್ಮನ ವಾಲ್ವ್ ಆಪರೇಷನ್ ಜೊತೆ ಮೇಜ್ ಕೂಡ ಮಾಡಿಸಬೇಕಾ?

ಯಲಹಂಕ: ಅಮ್ಮನಿಗೆ 58. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ವಾಲ್ವ್ ಕಿರಿದಾಗಿದೆ. ಎರಡು ವರ್ಷದಿಂದ ಎಎಫ್ (ಎದೆಬಡಿತ ತಾಳ ತಪ್ಪೋದು) ಬೇರೆ. ಹೃದಯದ ಎಡಗಡೆ ಮೇಲಿನ ಕೋಣೆ 5.4 ಸೆಂ.ಮೀ.ಗೆ ಹಿಗ್ಗಿದೆ. ವಾಲ್ವ್ ಬದಲಿಸುವಾಗಲೇ ಮೇಜ್ (ಎಎಫ್ ನಿಲ್ಲಿಸಲು ಆ ಕೋಣೆಯ ಗೋಡೆಯಲ್ಲಿ ಗಾಯದ ಗೆರೆ ಮಾಡುವ ಆಪರೇಷನ್) ಮಾಡೋಣ ಎನ್ನುತ್ತಾರೆ ಸರ್ಜನ್. ಮೆಟಲ್ ವಾಲ್ವಾ, ಪ್ರಾಣಿ ಅಂಗಾಂಶದ ಟಿಶ್ಯೂ ವಾಲ್ವಾ ಅಂತ ನಾವೇ ಹೇಳಬೇಕಂತೆ. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ವಿಜಯನಗರ: ನನ್ನದು 2011ರಲ್ಲಿ ಆಯಿತು. ಮೆಟಲ್, ಟಿಟಿಕೆ ಚಿತ್ರಾ. ತಿರುವನಂತಪುರದ ಶ್ರೀ ಚಿತ್ರಾದವರು ಮಾಡಿದ್ದು, 1990ರಿಂದ ಹಾಕುತ್ತಿದ್ದಾರೆ. ರಾತ್ರಿ ಟಿಕ್ ಟಿಕ್ ಕೇಳುತ್ತೆ. ಗೋಡೆ ಗಡಿಯಾರ ಮಾರಿಬಿಡೋಣ ಎನ್ನುತ್ತಾಳೆ ನನ್ನವಳು. ವಾಲ್ವ್‌ನಲ್ಲಿ ಹೆಪ್ಪು ಕಟ್ಟದಿರಲು ವಾರ್ಫರಿನ್ ಮಾತ್ರೆ ನುಂಗುತ್ತೇನೆ; ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತೆ ಎಂದು ಹೇಳುವ ಐಎನ್‌ಆರ್ 2.5ರಿಂದ 3.5ರೊಳಗೆ ಇಟ್ಟುಕೊಳ್ಳಬೇಕು. ಎಲ್ಲಾ ಒಂದು ನೋಟ್‌ಬುಕ್‌ನಲ್ಲಿದೆ, ಹೋದ ವಾರದ್ದು 163ನೇ ಟೆಸ್ಟ್. ಆಗ 120 ರೂಪಾಯಿ, ಈಗ 350. ಸೊಪ್ಪು ಆ ಮಾತ್ರೆಯ ಶಕ್ತಿ ತಗ್ಗಿಸುತ್ತೆ; ಮೂರು ದಿನ ಸತತ ಬಸ್ಸಾರು ತಿಂದೆ, 1.6ಕ್ಕೆ ಇಳಿಯಿತು. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗಿದೆ, 6.8ಕ್ಕೆ ಹೋಗಿ ಮೂಗಿನಲ್ಲಿ ರಕ್ತ. ಮೇಜ್ ಮಾಡಿಸಲಿಲ್ಲ, ಎಎಫ್ ಹಾಗೇ ಇದೆ. ಲಾಲ್‌ಬಾಗ್‌ನಲ್ಲಿ ದಿನಾ ಎರಡು ಸುತ್ತು ಹಾಕುತ್ತೇನೆ.

ಜಯನಗರ: ನಮ್ಮ ಮನೆಯವರಿಗೆ 2019ರಲ್ಲಿ ಟಿಶ್ಯೂ ವಾಲ್ವ್ ಹಾಕಿಸಿ, ಮೇಜ್ ಮಾಡಿಸಿ, ಎಎಫ್‌ನಲ್ಲಿ ಹೆಪ್ಪು ಕಟ್ಟುವ, ಆ ಕೋಣೆಗೆ ಅಂಟಿದ ಪುಟ್ಟ ಚೀಲವನ್ನೂ ಹೊಲಿಸಿದೆವು. ಪ್ಯಾಕೇಜ್ 3,40,000 ಅಂದರು. ಕೊನೆಗೆ ಕಟ್ಟಿದ್ದು 5,12,300. ಮೇಜ್ ಉಪಕರಣಕ್ಕೇ 1,10,000, ಇನ್ಶೂರೆನ್ಸ್‌ನವರು ಅದರಲ್ಲಿ ಒಂದು ಪೈಸೆ ಕೊಡಲಿಲ್ಲ. ಐಸಿಯು ಎರಡು ದಿನ ಜಾಸ್ತಿ ಆಗಿದ್ದಕ್ಕೆ 42,000. ಗ್ಲೌಸು, ಡಯಾಪರ್ ಅದೂ ಇದೂ ಅಂತ 20,300! ಒಂಬತ್ತನೇ ದಿನಕ್ಕೆ ಮತ್ತೆ ಎಎಫ್. ಅತ್ತುಬಿಟ್ಟೆ. ಮೂರು ತಿಂಗಳು ಕಾಯಿರಿ, ಗಾಯ ಮಾಯುವಾಗ ಹೀಗಾಗುತ್ತೆ ಅಂದರು. ಬಡಿತ ಸರಿಮಾಡಲು ಎದೆಗೆ ಕರೆಂಟ್ ಶಾಕ್ ಕೊಟ್ಟರು. ಬಡಿತಕ್ಕೆ ಕೊಟ್ಟ ಅಮಿಯೋಡರೋನ್ ಮಾತ್ರೆ ಥೈರಾಯ್ಡ್ ಕೆಡಿಸಿತು. ಐದನೇ ತಿಂಗಳಿಗೆ ರಿದಮ್ ಸರಿಹೋಯಿತು, ಇವತ್ತಿಗೂ ಹಾಗೇ ಇದೆ. ಸೊಪ್ಪಿನ ಲೆಕ್ಕ ಬರೆದುಕೊಂಡು ಬದುಕೋದೂ ಒಂದು ಬದುಕಾ ಸಾರ್?

ವಿಜಯನಗರ: ಮೇಡಂ, ಟಿಶ್ಯೂ ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತೆ. ಮತ್ತೆ ಎದೆ ಕೊಯ್ಯಿಸುವಾಗ ನನ್ನ ನೋಟ್‌ಬುಕ್ ನೆನಪಿಸಿಕೊಳ್ಳಿ.

ಜಯನಗರ: ಈಗ ಎದೆ ಕೊಯ್ಯದೆ ರಕ್ತನಾಳದಲ್ಲಿ ನಳಿಗೆ ತೂರಿಸಿ ಹಳೇ ವಾಲ್ವ್ ಒಳಗೇ ಹೊಸದು ಕೂರಿಸುತ್ತಾರೆ. ಕಾಲ ಮುಂದೆ ಹೋಗಿದೆ.

ವಿಜಯನಗರ: ಅದರ ರೇಟ್ ಕೇಳಿದ್ದೀರಾ?

ಕೆಂಗೇರಿ: ಇಬ್ಬರೂ ದುಡ್ಡಿದ್ದವರು, ಜಗಳ ಆಡಿ. ನಮ್ಮಕ್ಕನಿಗೆ ಬಿಪಿಎಲ್ ಕಾರ್ಡ್ ಮೇಲೆ ಆಯಿತು. ರೆಫರಲ್ ಚೀಟಿಗೆ ನಾಲ್ಕು ಸಲ ಅಲೆದಿದ್ದೇನೆ, ಪ್ರತಿ ಸಲ ಡ್ಯೂಟಿಗೆ ರಜಾ, ಅಂದರೆ ಸಂಬಳ ಕಟ್. ರಕ್ತ ಕೊಡಲು ನಾಲ್ಕು ಜನ ಬೇಕು ಅಂದರು. ಆಟೋ ಸ್ಟ್ಯಾಂಡ್ ಹುಡುಗರೇ ಬಂದರು, ನೆಂಟರು ಒಬ್ಬರೂ ಇಲ್ಲ. ಮೆಟಲ್ ಹಾಕಿ ಮೇಜ್ ಕೂಡ ಮಾಡಿದರು. ಮೇಜ್ ನಿಲ್ಲಲಿಲ್ಲ, ಕೋಣೆ ತುಂಬಾ ಹಿಗ್ಗಿತ್ತಂತೆ. ಬಡಿತ ನಿಧಾನವಾಗಿ ಪೇಸ್‌ಮೇಕರ್ ಬೇರೆ. ಆಮೇಲೆ ಭಾವ ಯಾರದೋ ಮಾತು ಕೇಳಿ ಕಷಾಯ ಕೊಡಿಸಿ, ವಾರ್ಫರಿನ್ ಬಿಡಿಸಿದ. ಇಪ್ಪತ್ತು ದಿನಕ್ಕೆ ಸ್ಟ್ರೋಕ್ ಆಗಿ ಬಲಗೈ ಬಿತ್ತು. ಈಗಲೂ ಲೋಟ ಹಿಡಿಯಲು ಆಗುವುದಿಲ್ಲ. ಮೆಟಲ್ ಹಾಕಿದ ಮೇಲೆ ರಿದಮ್ ಸರಿಯಾದರೂ ಆ ಮಾತ್ರೆ ಬಿಡೋ ಹಾಗಿಲ್ಲ.

ಮಲ್ಲೇಶ್ವರ: ಇಷ್ಟೆಲ್ಲಾ ಯಾಕೆ? ಹೆಪ್ಪು ತಡೆಯೋಕೆ ಟೆಸ್ಟೇ ಬೇಡದ ಹೊಸ ಮಾತ್ರೆಗಳಿವೆ ಅಲ್ವಾ, ಅಪಿಕ್ಸಬಾನ್. ನಮ್ಮ ಚಿಕ್ಕಪ್ಪ ಎಎಫ್‌ಗೆ ಅದನ್ನೇ ತಗೊಳ್ಳೋದು.

ವಿಜಯನಗರ: ಸುಮ್ನೆ ಜನರನ್ನು ಕೊಲ್ಲಬೇಡಿ! ನಿಮ್ಮ ಚಿಕ್ಕಪ್ಪನ ಎದೆಯಲ್ಲಿ ಮೆಟಲ್ ಇದೆಯಾ? ನಮ್ಮಂಥವರಿಗೆ ಅಂಥದೇ ಹೊಸ ಮಾತ್ರೆ ಡಾಬಿಗಾಟ್ರಾನ್ ಕೊಟ್ಟು ನೋಡಿದಾಗ ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿ, 2012ರಲ್ಲಿ ಆ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು.

ಮಲ್ಲೇಶ್ವರ: ಕೂಗಾಡಬೇಡಿ, ನಿಮ್ಮ ಐಎನ್‌ಆರ್ ಏರುತ್ತೆ.

ಕೆಂಗೇರಿ: ಬಿಪಿ ಏರುತ್ತೆ ಅನ್ನಿ. ಐಎನ್‌ಆರ್‌ಗೂ ಕೂಗಾಟಕ್ಕೂ ಏನು ಸಂಬಂಧ?

ಜಯನಗರ: ಬಸ್ಸಾರಿನ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ? ದಿನಾ ಒಂದೇ ಅಳತೆಯಲ್ಲಿ ಸೊಪ್ಪು ತಿಂದರೆ ಡೋಸ್ ಅದಕ್ಕೇ ಹೊಂದಿಸುತ್ತಾರೆ. ನೀವು ಮೂರು ದಿನ ಬಕಾಸುರನ ಹಾಗೆ ತಿಂದಿದ್ದೀರಿ.

ವಿಜಯನಗರ: ದಂಟಿನ ಸೊಪ್ಪು ಮೇಡಂ. ಸೀಸನ್ ಇತ್ತು.

ಯಲಹಂಕ: ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಕೋಣೆ 5.4 ಇದೆ ಅಂದಿದ್ದೆ. ಅಷ್ಟು ಹಿಗ್ಗಿದ್ದರೂ ಮೇಜ್ ನಿಂತವರು ಯಾರಾದರೂ ಇದ್ದೀರಾ?

ಮಲ್ಲೇಶ್ವರ: ನುಗ್ಗೆಸೊಪ್ಪು ತಿನ್ನಬಹುದಾ, ಅದನ್ನಾದರೂ ಹೇಳಿ ಸಾರ್.