ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್: ಶನಿವಾರ, ಭಾನುವಾರ ಸಾಕಾ?

ದಾವಣಗೆರೆಯಿಂದ: ಫೆಬ್ರವರಿಯಲ್ಲಿ ಹೊರಟಿದ್ದೇವೆ. ಸ್ಕೀಯಿಂಗ್ ಗೊತ್ತಿಲ್ಲ. ಹೊಸ ಹಿಮ ಬಿದ್ದರೆ ಕಲಿಯೋದು ಸುಲಭನಾ? ಗೊಂಡೋಲಾದಲ್ಲಿ (ಅಲ್ಲಿನ ಕೇಬಲ್ ಕಾರ್) ಬೆಟ್ಟದ ತುದಿವರೆಗೂ ಹೋಗಬಹುದಾ?

ದುರ್ಗದವನು: ಹೊಸ ಹಿಮದಲ್ಲಿ ಬಿದ್ದರೆ ನೋವು ಕಡಿಮೆ ಸಾರ್, ಏಳೋದೇ ಪಜೀತಿ. ಕೈಯಲ್ಲಿರೋ ಸ್ಕೀ ಕೋಲು ಊರಿದರೆ ಮೊಣಕೈವರೆಗೂ ಒಳಗೆ ಹೋಗುತ್ತದೆ. ಎರಡೂ ಕೋಲುಗಳನ್ನು ಹಿಮದ ಮೇಲೆ ಅಡ್ಡ ಮಲಗಿಸಿ, ಅದರ ಮೇಲೆ ಕೈಯೂರಿ ಏಳಿ. ಎರಡನೇ ಹಂತದ ಗೊಂಡೋಲಾ ಅಫರ್ವಾತ್ ಬೆಟ್ಟದಲ್ಲಿ 4,000 ಮೀಟರ್ ಹತ್ತಿರ ಬಿಡುತ್ತದೆ. ಅಲ್ಲಿಂದ ಸ್ಕೀಯಲ್ಲಿ ಇಳಿಯೋದು ಪಳಗಿದವರ ಕೆಲಸ, ಹಿಮಕುಸಿತದ ಭಯವೂ ಇದೆ. ನೀವು ಕೆಳಗಿನ ಸಣ್ಣ ಇಳಿಜಾರಲ್ಲೇ ಕಲಿಯಿರಿ. ಜೀನ್ಸ್ ಬೇಡ, ಒದ್ದೆಯಾದರೆ ಮುಗೀತು.

ಹರಿಹರ: ಬೆಂಗಳೂರು, ಶ್ರೀನಗರ ಅಂತ ದಾರಿಯಲ್ಲೇ ಶನಿವಾರ ಕಳೆಯುತ್ತದೆ, ಅಲ್ವಾ?

ದಾವಣಗೆರೆಯಿಂದ: ಹೌದು. ಶುಕ್ರವಾರ, ಸೋಮವಾರ ರಜೆ ಹಾಕುತ್ತೇವೆ.